ಬೀರುವಿನ ಮೇಲಿನ ಅಂಚೆಯವನು

ಬಸ್ ನಿಲ್ದಾಣದಲ್ಲಿ ಘೋಷಣೆ ಕೂಗುವ ಆಕೆ, ಗಂಡ ಕಳಿಸಿದ ಧ್ವನಿಸಂದೇಶವನ್ನು ಕಿವಿಗೆ ಹಿಡಿದಾಗ ಮೈಕು ಆರಿಸಿರಲಿಲ್ಲ. "ನಿನ್ನ ಗೊರಕೆ ಇಲ್ದೆ ನಿದ್ದೆ ಬರ್ತಿಲ್ಲ ಕಣೇ" ಎಂಬ ಗಂಡುದನಿ ಎಲ್ಲ ಪ್ಲಾಟ್‌ಫಾರಂಗಳಿಗೂ ತಲುಪಿತು. ಹೊರಟಿದ್ದ ಬಸ್ಸೊಂದು ನಿಂತಿತು. ಕಂಡಕ್ಟರೊಬ್ಬ ಗಾಜಿನ ಕಿಂಡಿಗೆ ಬಗ್ಗಿ, "ಅಕ್ಕಾ, ಈ ಗೊರಕೆ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತೆ?" ಎಂದ.

ಸುದ್ದಿ ತಿಳಿದ ಗಂಡ ಮುದುಡಿಹೋದ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವವನು. ಹಡಗಿನಲ್ಲಿದ್ದವನು ಅಡಗಿಯೇ ಬಿಟ್ಟ. ಆಮೇಲೆ ಬಂದದ್ದೆಲ್ಲ "ಕ್ಷೇಮ" ಎಂಬ ಒಂದೇ ಪದ. ಗೊರಕೆಗೂ ಹಂಬಲಿಸುವ ಗಂಡಸರು ಲೋಕದಲ್ಲಿ ಎಷ್ಟು ಮಂದಿ? ಇದ್ದ ಒಬ್ಬನೂ ಬಾಯಿಗೆ ಬೀಗ ಜಡಿದುಕೊಂಡ. ಆ ಬಾಯಿ ತೆರೆಸಬೇಕಾದರೆ ಮಾತಿಗೇ ಬೀಗ ಹಾಕಬೇಕೆಂದಳು, ಕಂಪ್ಯೂಟರ್ ಕಲಿಸುವ ನಾದಿನಿ.

ಅವಳು ಹಳೆಯ ಲ್ಯಾಪ್‌ಟಾಪೊಂದನ್ನು ಬೀರುವಿನ ಮೇಲಿಟ್ಟು, ಮನೆಯದೇ ಒಂದು ಚಾಟ್ ಸರ್ವರ್ ಮಾಡಿದಳು. "ಬರೆದದ್ದು ಅಣ್ಣನ ಫೋನಲ್ಲೇ ಬೀಗ ಬೀಳುತ್ತೆ, ನಿಮ್ಮ ಫೋನಲ್ಲೇ ಬಿಚ್ಚುತ್ತೆ. ನಡುವೆ ಈ ಪೆಟ್ಟಿಗೆ ಬರೀ ಅಂಚೆಯವನು ಅತ್ತಿಗೆ. ಅದಕ್ಕೆ ಓದೋಕೆ ಬರಲ್ಲ."

"ಸದ್ಯ, ಈ ಮನೇಲಿ ಇನ್ನೊಬ್ಬರದ್ದು ಓದದವರು ಒಬ್ಬರಾದ್ರೂ ಇರಲಿ."

"ನಿಮ್ಮ ಮೈಕು ಆರಿಸೋ ಆಪ್ ಮಾತ್ರ ಇನ್ನೂ ಬಂದಿಲ್ಲ."

ನಡುವೆ ಕಳ್ಳಕಿವಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಎರಡೂ ಫೋನಿನಲ್ಲಿ ಪುಟ್ಟ ಚಿತ್ರಗಳ ಸಾಲು ಮೂಡುತ್ತದೆ. ಸಾಲು ಒಂದೇ ಆಗಿದ್ದರೆ ಸೈ. ಹಡಗು ಬಂದರು ಬಿಡುವ ಹೊತ್ತಿಗೆ ಗಂಡ ಕರೆ ಮಾಡಿದ. ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. "ಛತ್ರಿ... ಛತ್ರಿ. ಮೀನು... ಮೀನು. ಗಡಿಯಾರ... ಗಡಿಯಾರ." ಕೆಲಸಕ್ಕೆ ಸೇರಿದಾಗಿನಿಂದ ಯಾವುದನ್ನೂ ಎರಡು ಸಲ ಕೂಗದೆ ಬಿಟ್ಟವಳಲ್ಲ.

"ನನಗೆ ಒಂದೇ ಛತ್ರಿ ಕಾಣ್ತಿದೆ ಕಣೇ. ನಡುವೆ ಯಾರೋ ಇದಾರೆ," ಎಂದವನೇ ಗಾಬರಿಯಿಂದ 'ಹೊಂದುತ್ತಿಲ್ಲ' ಎಂಬುದನ್ನು ಒತ್ತಿದ. ಅವಳು ವಿವರಿಸುವಷ್ಟರಲ್ಲಿ ಹಡಗು ಹೊರಟು ಸಿಗ್ನಲ್ಲೂ ಹೋಯಿತು.

ಇನ್ನು ಮುಂದಿನ ಬಂದರೇ ಗತಿ. ಬಂದರು ಎಂಬ ಪದದ ಕುಚೇಷ್ಟೆ ನೋಡಿ. ಬಂದವರು ಯಾರೂ ಇಲ್ಲ. ಅಲ್ಲಿಯವರೆಗೆ ಅವಳು ಊರವರನ್ನೆಲ್ಲ ಅವರವರ ಮನೆಗೆ ಕಳಿಸಿಕೊಟ್ಟಳು. ತನ್ನವನನ್ನು ಕೂಗಿ ಕರೆಯಲು ಮಾತ್ರ ಆ ಮೈಕು ಸಾಲದು. ಮನೆಗೆ ಬಂದರೆ ಸ್ಟೂಲು ಹತ್ತಿ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಡುವಳು. ಬೆಚ್ಚಗಿರುತ್ತಿತ್ತು, ಈಗಷ್ಟೇ ಎದ್ದುಹೋದವರ ದಿಂಬಿನ ಹಾಗೆ.

ಕೊನೆಗೊಂದು ಬೆಳಿಗ್ಗೆ ಕರೆ ಬಂತು. ಈ ಸಲ ನಾಲಿಗೆ ಕಚ್ಚಿಕೊಂಡು ಒಂದೊಂದೇ ಬಾರಿ ಓದಿದಳು. ಹೊಂದಿತು. ಹಿಂದೆಯೇ ಮೊದಲ ಸಂದೇಶ. ಅದನ್ನು ಓದಿ, ಗೋಡೆಯತ್ತ ತಿರುಗಿ ಬಹಳ ಹೊತ್ತು ನಿಂತಳು. ತಿರುಗಿದಾಗ ಮೂಗು ಕೆಂಪಾಗಿತ್ತು.

ನಾದಿನಿಗೆ ತಡೆಯಲಾಗಲಿಲ್ಲ. "ಇನ್ಯಾರೂ ಓದೋಕಾಗದ ಹಾಗೆ ಅಣ್ಣ ಅಂಥದ್ದೇನು ಬರೆದಿದ್ದಾನೆ ಅತ್ತಿಗೆ?"

"ಕಾಲುಚೀಲ ತೂತಾಗಿದೆಯಂತೆ. ಹೆಬ್ಬೆರಳ ಹತ್ರ."