ಮಲ್ಲವ್ವನ ಪ್ಲೇಟಿನ ಕೊನೆಯ ನುಡಿ

ಕರ್ನಾಟಕದ ಏಕೀಕರಣಕ್ಕೆ ಇನ್ನೂ ಎರಡು ವರ್ಷ ಇತ್ತು. ನಮ್ಮ ಕಡೆ ಎಲ್ಲವೂ ಮುಂಬೈ ರಾಜ್ಯ. ನಾನು ಹುಬ್ಬಳ್ಳಿಯಲ್ಲಿ ಒಂದು ಗ್ರಾಮಾಫೋನ್ ಕಂಪನಿಯ ತಿರುಗಾಟದ ಏಜೆಂಟ್. ವಯಸ್ಸು ಇಪ್ಪತ್ತೇಳು, ಜಂಬ ಮಾತ್ರ ನಲವತ್ತರದು. ಈಗ ಐವತ್ತಾಗಿದೆ, ಜಂಬ ಇಳಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಎರಡು. ಹಳ್ಳಿಗಳಲ್ಲಿ ಚೆನ್ನಾಗಿ ಹಾಡುವವರನ್ನು ಹುಡುಕಿ ಹುಬ್ಬಳ್ಳಿಗೆ ಕರೆತಂದು ರೆಕಾರ್ಡಿಂಗ್ ಮಾಡಿಸುವುದು ಒಂದು. ಪ್ಲೇಟು ತಯಾರಾದ ಮೇಲೆ, ಚಾವಿ ಕೊಡುವ ಗ್ರಾಮಾಫೋನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ, ಊರೂರಲ್ಲಿ ಹಾಕಿ ಕೇಳಿಸಿ, ಮಂದಿ ಏನೆನ್ನುತ್ತಾರೆ ಎಂದು ಫಾರ್ಮಿನಲ್ಲಿ ಬರೆದು ಕಳಿಸುವುದು ಇನ್ನೊಂದು. ಫಾರ್ಮಿನಲ್ಲಿ ಮೂರು ಕಾಲಂ: ಧ್ವನಿ, ಸಾಹಿತ್ಯ, ವಾದ್ಯ. ಆ ಫಾರ್ಮು ನೋಡಿಯೇ ಮುಂದೆ ಎಷ್ಟು ಪ್ರತಿ ಒತ್ತಿಸಬೇಕು, ಹಾಡಿದವರಿಗೆ ಇನ್ನೊಂದು ಅವಕಾಶ ಕೊಡಬೇಕೋ ಬೇಡವೋ ಎಂದು ಕಂಪನಿ ತೀರ್ಮಾನ ಮಾಡುತ್ತಿತ್ತು.

ಪುರ್ತಗೇರಿಯ ಮಲ್ಲವ್ವ ನನಗೆ ಸಿಕ್ಕಿದ್ದು ಹಾಗೆ ಹುಡುಕುವಾಗಲೇ. ನಲವತ್ತೈದರ ಆಸುಪಾಸಿನ ಹೆಂಗಸು, ಹೊಲದ ಕೆಲಸದವಳು. ಪದ ಹಾಡುವ ಹೆಂಗಸರು ನಮ್ಮ ಕಡೆ ಬೇಕಾದಷ್ಟು. ಆದರೆ ಇವಳು ತಾನೇ ಪದ ಕಟ್ಟುತ್ತಿದ್ದಳು. ಮಗಳು ಗಂಗವ್ವ ಜತೆಯಲ್ಲಿ ಕೂತು ಸಾಲು ಕೂಡಿಸುತ್ತಿದ್ದಳು, ಹಿಂದೆ ದನಿಗೂಡಿಸುತ್ತಿದ್ದಳು. ಹದಿನಾರಕ್ಕೆ ಆ ಹುಡುಗಿ ಜ್ವರ ಬಂದು ತೀರಿಕೊಂಡಿತು. ನಾನು ಹೋದಾಗ ಅದಕ್ಕೆ ಒಂದು ವರ್ಷವೂ ಆಗಿರಲಿಲ್ಲ.

ಆಗ ಮಲ್ಲವ್ವ ಹಾಡಿದ್ದು ಜೋಳದ ಹೊಲದಲ್ಲಿ ಕಸ ತೆಗೆಯುವ ತಾಯಿ ಮಗಳ ಪದ. ಅಕ್ಕಪಕ್ಕದ ಸಾಲು ಹಿಡಿದು ಮಾತಾಡುತ್ತ ಹೋಗುತ್ತಾರೆ. ಒಂದು ದಿನ ಮಗಳ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಇಷ್ಟೇ ಕಥೆ. ಮಗಳಿದ್ದಾಗ ಇಬ್ಬರೂ ನಗುತ್ತ ಕಟ್ಟಲು ಶುರು ಮಾಡಿದ ಪದ ಅದು. ಅವಳು ಹೋದ ಮೇಲೆ ತಾಯಿ ಒಬ್ಬಳೇ ಮುಗಿಸಿದ್ದಳು. ಎರಡು ಪ್ಲೇಟು, ನಾಲ್ಕು ಮಗ್ಗುಲು, ರಟ್ಟಿನ ಹೊದಿಕೆಯ ಒಂದು ಆಲ್ಬಂ ಮಾಡುವುದೆಂದು ಕಂಪನಿ ಒಪ್ಪಿತು.

ಮಗ್ಗುಲಿಗೆ ಮೂರು ನಿಮಿಷ, ಹೆಚ್ಚಿಲ್ಲ. ಹುಬ್ಬಳ್ಳಿಯಲ್ಲಿ ಗಡಿಯಾರ ಹಿಡಿದು ಹಾಡಿಸಿದಾಗ ನಾಲ್ಕನೇ ಮಗ್ಗುಲು ಇಪ್ಪತ್ತು ಸೆಕೆಂಡು ಜಾಸ್ತಿ ಬಂತು. ಒಂದು ನುಡಿ, ಅಂದರೆ ಒಂದು ಚರಣ, ಬಿಡಲೇಬೇಕು. ಯಾವುದು ಬಿಡುವುದು?

ನಮ್ಮ ಕಡೆ ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಹೆಸರು, ಊರು ಹಾಕುತ್ತಾರೆ. ಮಲ್ಲವ್ವನ ಕೊನೆಯ ನುಡಿ ಹೀಗಿತ್ತು:

ಅರ್ಧಕ್ಕ ಬಿಟ್ಟ ಸಾಲು ಗಂಗವ್ವಂದು,
ಕಡೀತನಕ ಕಸ ತಗದಾಕಿ ತಾಯಿ ಮಲ್ಲವ್ವ,
ಪುರ್ತಗೇರಿ ಊರು ನಮ್ಮದು, ಇಬ್ಬರೂ ಕೂಡಿ ಕಟ್ಟಿದ ಪದ.

"ಕಡೀ ನುಡಿ ಬಿಡವ್ವ," ಅಂದೆ.

"ಸಾಹೇಬ್ರ, ನಡುವ ನಾದಿನಿನ್ನ ಅಣಕಿಸೂ ನುಡಿ ಬಿಡ್ತೀನ್ರಿ. ಕಡೀದು ಬ್ಯಾಡ್ರಿ."

"ನಾದಿನಿ ನುಡಿಗೆ ಮಂದಿ ನಗ್ತಾರ, ಅದು ಬೇಕು. ಕಡೀದ್ರಾಗ ಬರೇ ಹೆಸರದಾವ. ಹೆಸರು ಪ್ಲೇಟಿನ ಚೀಟಿ ಮ್ಯಾಲ ಬರ್ತಾವ."

"ನಮ್ಮ ಗಂಗಿದೂ ಬರತೈತ್ರಿ?"

"ಗಂಗಿದೂ ಬರತೈತಿ."

ಚೀಟಿ ಅಚ್ಚು ಹಾಕಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೂ ಹೇಳಿಬಿಟ್ಟೆ. ಮುಂದಿನ ಹಾಡುಗಾರ ಹೊರಗೆ ಕಾಯುತ್ತಿದ್ದ, ನನಗೆ ಅವಸರ. ಸಾಲದ್ದಕ್ಕೆ ಇನ್ನೊಂದು ಮಾತನ್ನೂ ಕೊಟ್ಟೆ: ಮಂದಿ ಮೆಚ್ಚಿದರೆ ಎರಡನೇ ಆಲ್ಬಂ ಆಗುತ್ತದೆ, ಅದರ ಮೊದಲ ನುಡಿಗೇ ಗಂಗಿಯ ಹೆಸರು ಹಾಕೋಣ. ಮಲ್ಲವ್ವ ಕೊನೆಯ ನುಡಿ ಬಿಟ್ಟು ಹಾಡಿದಳು.

ಎರಡು ತಿಂಗಳಿಗೆ ಪ್ಲೇಟು ಬಂದವು. ಚೀಟಿಯ ಮೇಲೆ "ಜಾನಪದ ಗೀತೆ, ಮಲ್ಲವ್ವ ಮತ್ತು ಸಂಗಡಿಗರು" ಎಂದಿತ್ತು. ಅಷ್ಟೇ. ನಾನು ಫಾರ್ಮು ಕಟ್ಟಿಕೊಂಡು ಹೊರಟೆ.

ಮೊದಲು ಗಜೇಂದ್ರಗಡ. ಒಬ್ಬ ನೇಕಾರರ ಮನೆಯಲ್ಲಿ ಹಾಕಿದೆ. ಮಗ್ಗದ ಸದ್ದು ಒಂದೊಂದಾಗಿ ನಿಂತಿತು.

"ದನಿ ಭಾಳ ಛಂದ ಐತಿ. ನಾಕು ಪ್ಲೇಟ್ ಇಂಥಾವ ತಂದ್ರೆಂದ್ರ ನಮ್ಮ ಸೀರಿ ನೇಯೂದು ನಿಂತಂಗ ಆತು," ಎಂದು ಮನೆಯ ಯಜಮಾನ ನಕ್ಕ. "ಕಟ್ಟಿದವರು ಯಾರ್ರಿ?"

"ಮಲ್ಲವ್ವ."

"ಆಕಿ ಹಾಡಿದಾಕಿ. ಕಟ್ಟಿದಾಂವ ಯಾರು ಅಂತ ಕೇಳಿದ್ನಿ."

ಅವಳೇ ಕಟ್ಟಿದ್ದು ಎಂದೆ. ಆತ ನಂಬಿದ ಹಾಗೆ ಕಾಣಲಿಲ್ಲ. ಗೋಣು ಅಲ್ಲಾಡಿಸಿ ಮಗ್ಗದ ಕುಣಿಗೆ ಇಳಿದ.

ರೋಣದಲ್ಲಿ ಚಹದಂಗಡಿ. ಸುತ್ತಲಿನ ಹಳ್ಳಿಗಳಲ್ಲೆಲ್ಲ ಲಾವಣಿ ಹಾಡಿ ಹೆಸರಾಗಿದ್ದ ಸಂಗಪ್ಪಜ್ಜ ಅಲ್ಲಿ ಕೂತಿದ್ದ. ನಾಲ್ಕೂ ಮಗ್ಗುಲು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಹಾಕೋ ತಮ್ಮಾ, ಮುಂದಿಂದು."

"ಮುಗೀತಜ್ಜಾ."

"ಏನ್ ಮುಗೀತು? ಕಡೀ ನುಡಿ ಎಲ್ಲೈತಿ? ತನ್ನ ಹೆಸರ ಹಾಕಿಲ್ಲ ಅಂದ್ರ ಯಾರದೋ ಕದ್ದಾಳ. ಇಂಥಾ ಪದ ಕಟ್ಟಿದ ಪುಣ್ಯಾತ್ಮ ಯಾವನೋ, ಪಾಪ."

ಅಂಗಡಿಯಲ್ಲಿದ್ದವರೆಲ್ಲ ಹೌದೆಂದರು. ಸಂಗಪ್ಪಜ್ಜ ಹೇಳಿದ ಮೇಲೆ ಮುಗಿಯಿತು. ಮರುದಿನ ಪಕ್ಕದ ಯಾವಗಲ್ ಊರಿಗೆ ಹೋದರೆ ಆ ಮಾತು ನನಗಿಂತ ಮೊದಲೇ ಹೋಗಿತ್ತು.

ನರಗುಂದದಲ್ಲಿ ಬಟ್ಟೆ ಅಂಗಡಿಯ ಪಡಸಾಲೆ. ಒಳಬಾಗಿಲ ಹಿಂದೆ ಹೆಂಗಸರು ನಿಂತು ಕೇಳಿದರು. ಮೂಗು ಸೆಳೆಯುವ ಸದ್ದು ಬರುತ್ತಿತ್ತು. ಮುಗಿದ ಮೇಲೆ ಒಬ್ಬ ಹೆಂಗಸು ಸೆರಗು ಮುಂದೆ ಮಾಡಿಕೊಂಡು ಹೊರಗೇ ಬಂದಳು.

"ಸತ್ತ ಹುಡುಗಿ ಹೆಸರೇನ್ರಿ?"

"ಗಂಗವ್ವ."

"ಮತ್ತ ಪದದಾಗ ಯಾಕಿಲ್ಲ? ಹಡದಾಕಿ ಮಗಳ ಹೆಸರ ಮರ್ತಾಳೇನು?"

ನಾನು ಗ್ರಾಮಾಫೋನಿನ ಮುಳ್ಳು ಎತ್ತಿ ಪೆಟ್ಟಿಗೆ ಮುಚ್ಚಿದೆ. ಇನ್ನೊಂದು ಮಾತು. ಯಾವ ನಾದಿನಿ ನುಡಿಗೆ ಮಂದಿ ನಗುತ್ತಾರೆ ಎಂದು ಹಟ ಹಿಡಿದಿದ್ದೆನೋ, ಆ ನುಡಿಗೆ ಯಾವ ಊರಲ್ಲೂ ಒಬ್ಬರೂ ನಗಲಿಲ್ಲ.

ಹುಬ್ಬಳ್ಳಿಗೆ ಬಂದು ಫಾರ್ಮು ತುಂಬಿದೆ. ಧ್ವನಿ, ಉತ್ತಮ. ವಾದ್ಯ, ಸಾಧಾರಣ. ಸಾಹಿತ್ಯದ ಕಾಲಮ್ಮಿನಲ್ಲಿ "ಬೇರೆಯವರದೆಂದು ಕೇಳುಗರ ಸಂಶಯ" ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ಕೊನೆಯ ನುಡಿ ಬಿಡಿಸಿದ್ದು ನಾನು, ಸಂಶಯಕ್ಕೆ ಅದೇ ಕಾರಣ ಎಂದು ಕೆಳಗೆ ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಮೇಲಿನವರು ನನ್ನನ್ನು ತಪ್ಪು ಹಿಡಿಯುತ್ತಾರೆ ಎಂಬ ಹೆದರಿಕೆ. ನೇರವಾಗಿ ಹೇಳಬೇಕೆಂದರೆ ಪುಕ್ಕಲುತನ. ಮೂರು ವಾರಕ್ಕೆ ಕಾಗದ ಬಂತು: ಸಾಹಿತ್ಯದ ಬಗ್ಗೆ ತಕರಾರಿರುವುದರಿಂದ ಹೆಚ್ಚಿನ ಪ್ರತಿ ಬೇಡ, ಎರಡನೇ ಆಲ್ಬಂ ಬೇಡ.

ಆ ಕಾಗದ ಕೈಗೆ ಬಂದ ಮೇಲೆ ತಪ್ಪು ನನ್ನದೆಂದು ಮೇಲಿನವರಿಗೆ ಬರೆದೆ. ಉತ್ತರ ಬರಲಿಲ್ಲ.

ಸುದ್ದಿ ಮುಟ್ಟಿಸಲು ಪುರ್ತಗೇರಿಗೆ ನಾನೇ ಹೋದೆ. ಮಲ್ಲವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಊರೂರಲ್ಲಿ ಬರೆದುಕೊಂಡಿದ್ದ ಟಿಪ್ಪಣಿ ಕೈಯಲ್ಲಿ ಹಿಡಿದು, ಎರಡನೇ ಆಲ್ಬಂ ಇಲ್ಲ ಎಂದೆ. ಅವಳ ಕೈ ನಿಲ್ಲಲಿಲ್ಲ.

"ಮಂದಿ ಏನಂದ್ರು, ಓದ್ರಿ."

ಓದಿದೆ. ಸಂಗಪ್ಪಜ್ಜನ ಮಾತನ್ನೂ ಓದಿದೆ. ಆಗ ಮೊರ ಕೆಳಗಿಟ್ಟಳು.

"ಹಿರ್ಯಾ ಖರೇ ಹೇಳ್ಯಾನ. ಹೆಸರಿಲ್ಲದ್ದ ಕೇಳಿದ್ರ ನಾನೂ ಹಂಗ ಅಂತಿದ್ನಿ." ಆಮೇಲೆ, "ಹೆಣ್ಮಕ್ಕಳು ಏನಂದ್ರು?" ಎಂದಳು.

"ಅತ್ರವ್ವಾ," ಅಂದೆ. ನರಗುಂದದ ಹೆಂಗಸಿನ ಪ್ರಶ್ನೆ ಓದದೆ ಗ್ರಾಮಾಫೋನಿನ ಪೆಟ್ಟಿಗೆ ತೆರೆದೆ.

ಅವಳು ತನ್ನ ಪ್ಲೇಟನ್ನು ಒಮ್ಮೆಯೂ ಕೇಳಿರಲಿಲ್ಲ. ಚಾವಿ ಕೊಟ್ಟು ನಾಲ್ಕೂ ಮಗ್ಗುಲು ಹಾಕಿದೆ. ಕೊನೆಗೆ ಮುಳ್ಳು ಸುಮ್ಮನೆ ಗರಗರ ತಿರುಗತೊಡಗಿತು. ನಾನು ಎತ್ತಲು ಹೋದರೆ ಬೇಡವೆಂದು ಕೈ ಮಾಡಿದಳು. ಚಾವಿ ಇಳಿದು ಪ್ಲೇಟು ತಾನೇ ನಿಂತ ಮೇಲೆ ಅದರ ಮೇಲೆ ಬೆರಳಿಟ್ಟಳು.

"ಗೆರಿ ಇಲ್ಲಿಗೆ ನಿಂತಾವು. ಚೀಟಿ ಅಲ್ಲೆ ಅಂಟೈತಿ. ನಡುವ ಎರಡು ಬಟ್ಟು ಬಯಲ ಐತಲ್ರಿ, ಇದೇನು?"

"ಮುಳ್ಳು ನಿಲ್ಲಾಕ ಬಿಟ್ಟ ಜಾಗಾ, ಯವ್ವಾ."

ಅವಳು ಆ ನುಣ್ಣನೆಯ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು.

"ಇಷ್ಟರಾಗ ಹಿಡೀತಿದ್ಳೇನೋ. ನಮ್ಮ ಗಂಗಿ ಭಾಳ ಸಣ್ಣಾಕಿ ಇದ್ಳರಿ."

ಆ ಮೇಲೆ ನಾನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೆ. ಯಾರನ್ನೇ ಹಾಡಿಸಲಿ, ಮೊದಲು ಕೊನೆಯ ನುಡಿ ಹಾಡಿಸಿ ಅದರ ಸೆಕೆಂಡು ಬರೆದುಕೊಳ್ಳುತ್ತಿದ್ದೆ. ಉಳಿದ ಹೊತ್ತಿನಲ್ಲಿ ಕಥೆ ಹೊಂದಿಸುತ್ತಿದ್ದೆ. ಜತೆಯವರು ತಿರುಗಾಮುರುಗಾ ಏಜೆಂಟ್ ಎಂದು ಚೇಷ್ಟೆ ಮಾಡುತ್ತಿದ್ದರು, ಮಾಡಲಿ. ಊರವರ ಅಭಿಪ್ರಾಯವನ್ನೆಲ್ಲ ಬರೆದುಕೊಂಡ ನನಗೆ, ಹಾಡಿದವಳು ಎಲ್ಲರಿಗಿಂತ ಮೊದಲೇ ಹೇಳಿದ ಅಭಿಪ್ರಾಯ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಮೊದಲು ಕೇಳಬೇಕೆಂದು ಈ ಕೆಲಸ ಕಲಿಸಿತು, ಮಲ್ಲವ್ವನಿಗೆ ಉಪಯೋಗವಾಗದಷ್ಟು ತಡವಾಗಿ.

ಆ ಪ್ಲೇಟು ಈಗಲೂ ರೋಣ, ನರಗುಂದದ ಕಡೆ ಒಂದೆರಡು ಮನೆಯಲ್ಲಿರಬಹುದು. ನಿಮಗೆ ಸಿಕ್ಕು, ಯಾರಾದರೂ ಕಟ್ಟಿದವರು ಯಾರೆಂದು ಕೇಳಿದರೆ, ಮುಳ್ಳು ಎತ್ತುವ ಮೊದಲು ಹೇಳಿಬಿಡಿ: ಪುರ್ತಗೇರಿಯ ಮಲ್ಲವ್ವ, ಅವಳ ಮಗಳು ಗಂಗವ್ವ.