ಒಬ್ಬ ಮಾವನಿಂದ ಇಬ್ಬರನ್ನು ಮಾಡಿದ್ದು

ನನ್ನ ಮೊದಲ ಕಾದಂಬರಿಯ ಮೊದಲ ಸುಳ್ಳು ಮೊದಲ ಪುಟದಲ್ಲೇ ಇತ್ತು. 'ಇದರಲ್ಲಿ ಬರುವ ಪಾತ್ರಗಳೆಲ್ಲ ಕೇವಲ ಕಾಲ್ಪನಿಕ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಹುಬ್ಬಳ್ಳಿಯ ಮುದ್ರಕರು ಕಾಗದ ಬರೆದು, ಇದು ಬೇಕೇ ಎಂದು ಕೇಳಿದರು. ಬೇಕೇ ಬೇಕು, ಇನ್ನೂ ದಪ್ಪ ಮಾಡಿರಿ ಎಂದು ಉತ್ತರ ಕೊಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಸಾಲು ನನ್ನ ಹೆಗಲು.

ನಿಜ ಹೇಳಬೇಕೆಂದರೆ ಆ ಪುಸ್ತಕದಲ್ಲಿ ಕಾಲ್ಪನಿಕವಾಗಿದ್ದದ್ದು ಕಥಾನಾಯಕನ ಎತ್ತರ ಒಂದೇ. ಉಳಿದದ್ದನ್ನೆಲ್ಲ ಕಮಲಾಪುರದ ನನ್ನ ಸೋದರಮಾವನ ಮನೆಯಿಂದ ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದೆ.

ಆಗ ನಾನು ಕಲಬುರ್ಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಮಾಸ್ತರ. ರೋಜಾ ಮೊಹಲ್ಲಾದ ಕಡೆ ಒಂದು ಬಾಡಿಗೆ ಕೋಣೆ, ಒಂದು ಕನ್ನಡಿ, ಎರಡು ಧೋತರ. ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು, ಆದರೂ ನಾವಿನ್ನೂ ಹೈದರಾಬಾದ್ ರಾಜ್ಯದ ಪ್ರಜೆಗಳೇ. ಉರ್ದು ಕಲಿತವರ ನಡುವೆ ಕನ್ನಡ ಬರೆಯಬಲ್ಲವನು ಅಂದರೆ ಆಳಿಲ್ಲದ ಊರಿಗೆ ಉಳಿದವನೇ ಗೌಡ. ಭಾರತದ ಮಿಲಿಟರಿ ಬಂದು ನಿಜಾಮರನ್ನು ಇಳಿಸಿದ ಪೋಲೀಸ್ ಆ್ಯಕ್ಷನ್ ಮೇಲೆ ಒಂದು ಮಹಾ ಕಾದಂಬರಿ ಬರಬೇಕು, ಅದನ್ನು ನಾನೇ ಬರೆಯಬೇಕು ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ.

ಬರೆಯಲು ಸಾಮಗ್ರಿ ಇತ್ತು. ಪೋಲೀಸ್ ಆ್ಯಕ್ಷನ್‌ಗೆ ಮೊದಲಿನ ಆ ದಿನಗಳಲ್ಲಿ ಶಹರದಲ್ಲಿ ಇರಲಾರದೆ ನಾನು ಮಾವನ ಮನೆಗೆ ಓಡಿದ್ದೆ. ನಿಜಾಮರ ಪರವಾಗಿ ಹಳ್ಳಿ ಸುಲಿಯುತ್ತಿದ್ದ ರಜಾಕಾರರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಮಲಾಪುರದಲ್ಲಿ ದಿನಕ್ಕೆ ನಾಲ್ಕು ಸಲ ಸುದ್ದಿ. ಮಾವನ ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ನೆಲದೊಳಗಿನ ಆಳವಾದ ಗುಂಡಿ, ಮೇಲೆ ಸಣ್ಣ ಬಾಯಿ, ಬಾಯಿಗೊಂದು ಬಂಡೆ. ಆ ವರ್ಷದ ಜೋಳ ಸರ್ಕಾರದ ಲೆವಿಗೆ ಹೋಗಿ ಹಗೇವು ಬರಿದಾಗಿತ್ತು. ಒಂದು ಮುಂಜಾನೆ ಮಾವ 'ನಡಿ' ಅಂದ. ನಾನು ಎಲ್ಲಿಗೆ ಅಂತಲೂ ಕೇಳಲಿಲ್ಲ, ಅವನಿಗಿಂತ ಮೊದಲು ಇಳಿದೆ.

ಮೂರು ದಿನ ಒಳಗೆ ಕೂತೆವು. ಮಾವನದು ಭಾರಿ ದೇಹ, ಹಗೇವಿನ ಮುಕ್ಕಾಲು ಪಾಲು ಅವನೇ. ಒಂದು ಹಲ್ಲಿ ಬಿದ್ದರೆ 'ಬಂದ್ರು, ಬಂದ್ರು' ಅಂತ ನನ್ನನ್ನು ತಬ್ಬಿಕೊಳ್ಳುತ್ತಿದ್ದ. ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು, ಅವು ಮುಗಿದ ಮೇಲೆ ಬಂದೇನವಾಜರ ದರ್ಗಾಕ್ಕೂ ಒಂದು ಚಾದರ ಹೇಳಿಕೊಂಡ. ನಾನು ಮಾತ್ರ ಹರಕೆ ಹೊರಲಿಲ್ಲ, ಅಳುವುದರಲ್ಲಿ ಪುರಸೊತ್ತಿರಲಿಲ್ಲ. ದಿನಕ್ಕೆರಡು ಸಲ ಮಾವನ ಮಗಳು ಬಂಡೆ ಸರಿಸಿ, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇಳಿಸುತ್ತಿದ್ದಳು. ರಜಾಕಾರರು ಬರಲೇ ಇಲ್ಲ. ನಾಲ್ಕನೇ ದಿನ ಅವಳು ಮೇಲಿನಿಂದ, 'ಮಿಲಿಟ್ರಿ ಬಂದದ, ಎಲ್ಲಾ ಮುಗದದ, ಹೊರಗ ಬರ್ರಿ' ಎಂದು ಕೂಗಿದಳು. ಇದೂ ಒಂದು ಮೋಸ ಇರಬಹುದು ಅಂತ ಮಾವ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಸ್ವಂತ ಮಗಳ ದನಿಯನ್ನೂ ನಂಬದವನು!

ಅದಾಗಿ ವಾರದೊಳಗೆ ಗಾಳಿ ತಿರುಗಿತು. ಈಗ ಅಂಜುವ ಪಾಳಿ ಮುಸಲ್ಮಾನರದು. ಬೇರೆ ಕಡೆಯಿಂದ ಬಡಿಗೆ ಹಿಡಿದ ಗುಂಪುಗಳು ಹಳ್ಳಿ ಹಳ್ಳಿ ಹೊಕ್ಕು ಅವರ ಮನೆಗಳನ್ನು ಹುಡುಕತೊಡಗಿದವು. ಮಾವನ ಪಕ್ಕದ ಮನೆಯವನು ದರ್ಜಿ, ಮನೆಯಲ್ಲಿ ದಖನಿ ಮಾತು, ಮಾವನ ಅಂಗಿಗಳನ್ನೆಲ್ಲ ಹೊಲಿದವನು ಅವನೇ. ಮಾವ ಅವನನ್ನೂ ಅವನ ಹೆಂಡತಿಯನ್ನೂ ಅದೇ ಹಗೇವಿಗೆ ಇಳಿಸಿ, ಬಂಡೆ ಮುಚ್ಚಿ, ಸುತ್ತ ಹೆಸರುಕಾಳು ಒಣಹಾಕಿ, ಬಂಡೆಯ ಮೇಲೆ ತಾನೇ ಕೂತ. ಗುಂಪು ಬಂತು. ದರ್ಜಿ ಎಲ್ಲಿ ಎಂದು ಕೇಳಿತು. 'ಹೈದರಾಬಾದಿಗಿ ಹೋಗ್ಯಾನ' ಅಂದ ಮಾವ. ಅವರು ಬಹಳ ಹೊತ್ತು ನಿಂತು ನೋಡಿ, ಎರಡು ಮಾತು ಬೈದು ಹೋದರು.

ಆಗ ನಾನು ಎಲ್ಲಿದ್ದೆ? ತೋಟದಲ್ಲಿದ್ದೆ. ಕೆಂಪು ಬಾಳೆ ಹಣ್ಣಾಗಿವೆಯೋ ಇಲ್ಲವೋ ನೋಡಲು ಹೋಗಿದ್ದೆ. ಕಾಯಿ ಇನ್ನೂ ಎಳೆಯವೇ ಇದ್ದವು. ಆದರೂ ಸಂಜೆಯವರೆಗೆ ನೋಡಿದೆ.

ಕಾದಂಬರಿಗೆ ಕೂತಾಗ ನಾನು ಈ ಒಬ್ಬ ಮಾವನನ್ನು ಕೊಯ್ದು ಇಬ್ಬರನ್ನು ಮಾಡಿದೆ. ಹೊಟ್ಟೆ, ಮೀಸೆ, ನಶ್ಯದ ಡಬ್ಬಿ, ಹಲ್ಲಿಗೆ ಅಂಜುವುದು, ಹರಕೆ, ಇವಿಷ್ಟನ್ನು ಒಬ್ಬ ಪುಕ್ಕಲು ಸಾಹುಕಾರನಿಗೆ ಕೊಟ್ಟು ಅವನೊಬ್ಬನನ್ನೇ ಹಗೇವಿನಲ್ಲಿ ಕೂಡಿಸಿದೆ. ದರ್ಜಿಯನ್ನು ಉಳಿಸಿದ ಕೆಲಸವನ್ನು ನಾಯಕನಿಗೆ ಕೊಟ್ಟೆ. ನಾಯಕ ಇಪ್ಪತ್ಮೂರರ ತರುಣ, ಶಹರದಲ್ಲಿ ಕಲಿತವನು, ಕನ್ನಡ ಬಲ್ಲವನು. ಎದೆ ಸೆಟೆಸಿ ಬಂಡೆಯ ಮೇಲೆ ನಿಂತು ಗುಂಪಿಗೆ ಒಂದೂವರೆ ಪುಟದ ಭಾಷಣ ಮಾಡುತ್ತಾನೆ. ಅವನು ಯಾರಂತೆ ಕಾಣುತ್ತಾನೆ ಎಂದು ತಿಳಿಯಲು ನಾನು ಬರೆಯುತ್ತ ಬರೆಯುತ್ತ ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮಾವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಿಜಾಮರ ಮದರಸಾದಲ್ಲಿ ನಾಲ್ಕನೇ ಜಮಾತಿನವರೆಗೆ ಕಲಿತವನು, ಉರ್ದು ಬರೆದರೆ ಮುತ್ತು ಪೋಣಿಸಿದಂತೆ. ಕನ್ನಡ ಅಕ್ಷರ ಮಾತ್ರ ಅವನಿಗೆ ಕಾಗೆ ಕಾಲು, ಗುಬ್ಬಿ ಕಾಲು. ಆ ಕಾಲದಲ್ಲಿ ನಮ್ಮ ಕಡೆ ಇದೊಂದು ಅನುಕೂಲವಿತ್ತು, ತಾಯ್ನುಡಿಯಲ್ಲೇ ಯಾರ ಮೇಲೆ ಏನು ಬರೆದರೂ ಅವರು ಓದಲಾರರು. ಅವನಿಗೆ ಗೊತ್ತಾಗಬಾರದು ಎಂಬುದಕ್ಕೆ ದೊಡ್ಡ ಕಾರಣವೂ ಇತ್ತು. ಹಗೇವಿಗೆ ರೊಟ್ಟಿ ಇಳಿಸಿದ ಆ ಮಗಳನ್ನು ತೊಟ್ಟಿಲಲ್ಲೇ ನನಗೆಂದು ಮಾತಾಡಿದ್ದರು. ನನಗೂ ಅವಳೆಂದರೆ ಜೀವ. ಮಾವ ಮುನಿದರೆ ಅವಳು ಕೈತಪ್ಪಿದಂತೆಯೇ.

ಪುಸ್ತಕ ಅಚ್ಚಾಗಿ ಬಂದದ್ದೇ ಒಂದು ಪ್ರತಿ ಮಾವನಿಗೆ ಕಳಿಸಿದೆ. ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಊದುಬತ್ತಿ ಹಚ್ಚಿ ಸುಮ್ಮನಾಗುತ್ತಾನೆ ಎಂದು ನನ್ನ ಲೆಕ್ಕ. ಅವನಿಂದ ಉರ್ದುವಿನಲ್ಲಿ ಕಾಗದ ಬಂತು. ಬರುವ ಸೋಮವಾರ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಊರ ಮಂದಿಯ ಮುಂದೆ ನನ್ನ ಅಳಿಯನ ಪುಸ್ತಕ ಓದಿಸುತ್ತೇನೆ, ಬಾ. ಓದುವವಳು ನನ್ನ ಮಗಳು.

ಮಠದ ಅಯ್ಯನವರ ಹತ್ತಿರ ಅವಳು ಕನ್ನಡ ಕಲಿತದ್ದು ನನಗೆ ಗೊತ್ತಿತ್ತು. ಪುರಾಣ ಓದಲು ಕಲಿತಿದ್ದಾಳೆ, ಕಾದಂಬರಿಗೂ ಅವೇ ಅಕ್ಷರ ಬೇಕು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಮಾಸ್ತರನ ಬುದ್ಧಿ!

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಾದ್ದರಿಂದ ಅರ್ಧ ಊರೇ ಬಿಡುವಾಗಿತ್ತು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಕಟ್ಟೆ ತುಂಬಿತ್ತು. ದರ್ಜಿ ಹೊಲಿದ ಹೊಸ ಅಂಗಿ ತೊಟ್ಟು ಮಾವ ಮದುಮಗನಂತೆ ಕೂತಿದ್ದ, ಪಕ್ಕದಲ್ಲಿ ದರ್ಜಿ. ಅವಳು ಸೆರಗು ಹೊದ್ದು ಕಂಬಕ್ಕೊರಗಿ ಪುಸ್ತಕ ತೆರೆದಳು. ಮುಂಚೆ ಒಂದು ಸಲ ತಾನೇ ಓದಿ ನೋಡಿರಲಿಲ್ಲ, ಎಲ್ಲರ ಜೊತೆಗೇ ಕೇಳೋಣ ಎಂದು ಇಟ್ಟುಕೊಂಡಿದ್ದಳಂತೆ.

ಎರಡನೇ ಪುಟದಲ್ಲೇ ಸಾಹುಕಾರ ಬಂದ. 'ಅವನ ಹೊಟ್ಟೆ ಹಗೇವಿನಷ್ಟು ಆಳ' ಎಂದು ನಾನು ಬರೆದಿದ್ದೆ. ಅವಳು ಅರೆಗಳಿಗೆ ತಡೆದು, 'ಅವನ ಮನಸ್ಸು ಹಗೇವಿನಷ್ಟು ಆಳ' ಎಂದು ಓದಿದಳು. ನಾನು ಬೆಚ್ಚಿ ನೋಡಿದೆ. 'ಅವನು ಮಾತಾಡಿದರೆ ಎಮ್ಮೆಯ ಹಾಲು ಬತ್ತುತ್ತಿತ್ತು' ಎಂಬುದು 'ಎಮ್ಮೆ ಒಂದು ಸೇರು ಹೆಚ್ಚು ಹಿಂಡುತ್ತಿತ್ತು' ಎಂದಾಯಿತು. 'ಭಾಳ ಛಲೋ ಮನುಷಾ ಅದಾನ' ಎಂದಳು ಹಿಂದೆ ಕೂತ ಮುದುಕಿ. ನನ್ನ ಬೈಗಳನ್ನು ನಿಂತ ನಿಲುವಿನಲ್ಲಿ ಹೊಗಳಿಕೆ ಮಾಡುತ್ತ ಅವಳು ಒಂದು ಗಂಟೆ ಓದಿದಳು. ನಾನು ಬರೆದದ್ದಕ್ಕಿಂತ ಅದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ. ನನ್ನ ಪಾಲಿಗೆ ಅವಳು ಸಾಕ್ಷಾತ್ ದೇವತೆ.

ಆಮೇಲೆ ಹಗೇವಿನ ಪ್ರಕರಣ ಬಂತು. 'ಸಾಹುಕಾರನು ಹಗೇವಿನ ಕತ್ತಲೆಯಲ್ಲಿ ಒಬ್ಬನೇ ಕುಳಿತು ಗೊಳೋ ಎಂದು ಅತ್ತನು' ಎಂದು ಓದಿ ಅವಳು ಓದು ನಿಲ್ಲಿಸಿದಳು.

'ಒಬ್ಬನೇ?' ಎಂದಳು. ನನ್ನನ್ನು ನೋಡಿದಳು. 'ಒಬ್ಬನೇ ಅಂತ ಬರದದ.'

ಇಬ್ಬರಿಗೆ ಬೇಕಾಗುವಷ್ಟು ರೊಟ್ಟಿ ಇಳಿಸಿದವಳು ಅವಳು. ಅಳುತ್ತಿದ್ದವರು ಯಾರು ಎಂದೂ ಬಲ್ಲಳು. ಅಲ್ಲಿಂದ ಮುಂದೆ ಒಂದು ಅಕ್ಷರ ಬದಲಿಸಲಿಲ್ಲ. ಹೊಟ್ಟೆ, ಮೀಸೆ, ನಶ್ಯ, ಹಲ್ಲಿ, ಹರಕೆ, ಎಲ್ಲವನ್ನೂ ನಿಲ್ಲಿಸಿ ನಿಲ್ಲಿಸಿ, ಕಿವುಡರಿಗೂ ಕೇಳುವಂತೆ ಓದಿದಳು. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಸ್ ಎಷ್ಟು ಗಂಟೆಗೆ ಇದೆ ಎಂದು ಯೋಚಿಸತೊಡಗಿದೆ.

ಮಾವ ತೊಡೆ ತಟ್ಟಿ ನಕ್ಕುಬಿಟ್ಟ. 'ಏ, ಇಂವ ನಾನೇ ರೀ! ಹೌದಿಲ್ಲೋ? ನಾನೇ ಇಂವ!' ಎಂದು ಸುತ್ತಲೂ ತಿರುಗಿ ತೋರಿಸಿದ. 'ಥೇಟ್ ಹಿಡದಾನ ನೋಡ್ರಿ ನನ್ನ. ಹಲ್ಲಿ ಅಂಗ್ಯಾಗ ಹೊಕ್ಕಿದ್ದೊಂದು ಬಿಟ್ಟಾನ.' ಅದನ್ನು ತಾನೇ ಎದ್ದು ನಿಂತು ಮಾಡಿ ತೋರಿಸಿದ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು. ನನಗೆ ಹೋದ ಜೀವ ಬಂದಂತಾಯಿತು. ಹೆಣ್ಣೂ ಉಳಿಯಿತು, ಕಾದಂಬರಿಯೂ ಉಳಿಯಿತು ಎಂದುಕೊಂಡು ಗಟ್ಟಿಯಾಗಿ ನಕ್ಕೆ. ನಗದವಳು ಅವಳೊಬ್ಬಳೇ.

ಚಹಾ ಕುಡಿದ ಮೇಲೆ ಕೊನೆಯ ಪ್ರಕರಣ. ದರ್ಜಿ ದಂಪತಿಯನ್ನು ನಾಯಕ ಹಗೇವಿಗೆ ಇಳಿಸುತ್ತಾನೆ, ಬಂಡೆಯ ಮೇಲೆ ನಿಲ್ಲುತ್ತಾನೆ, ಅವನ ಕಣ್ಣಲ್ಲಿ ಕಿಡಿ, ಮುಖದಲ್ಲಿ ಮುಗುಳ್ನಗೆ. ಅವಳು ಓದುತ್ತ ಹೋದಂತೆ ಮಾವನ ನಗು ಇಳಿಯಿತು. ಮುಂದೆ ಬಾಗಿ ಬಾಯಿ ತೆರೆದುಕೊಂಡು ಕೇಳಿದ. ಭಾಷಣ ಮುಗಿಯುವ ಹೊತ್ತಿಗೆ ಅವನ ಕಣ್ಣು ತುಂಬಿದ್ದವು. ದರ್ಜಿಯ ಕಡೆ ತಿರುಗಿ ಅವನ ಕೈ ಹಿಡಿದುಕೊಂಡ.

'ಮಿಯಾ, ಇಂಥಾಂವ ಒಬ್ಬ ನಮ್ಮೂರಾಗ ಇರಬೇಕಾಗಿತ್ತು ನೋಡು. ನಿಮಗ ಅಷ್ಟು ತ್ರಾಸ ಆಗ್ತಿದ್ದಿಲ್ಲ.'

'ಕ್ಯಾ ಬೋಲ್ತೇ ಧಣಿ?' ಎಂದ ದರ್ಜಿ. 'ಮ್ಯಾಲ ಕುಂತಾಂವ ನೀನೇ ಅಲ್ಲೇನು? ನೀ ಹೆಂಗ ನಡುಗ್ಲತ್ತಿದ್ದಿ ಅಂದ್ರ, ಬಂಡಿಗಲ್ಲಿನ ಸಂದಿಲಿಂದ ಮಣ್ಣು ನಮ್ಮ ತಲಿ ಮ್ಯಾಲ ಉದರ್ತಿತ್ತು. ಮಣ್ಣು ಉದರೋತನಕ ನೀ ಕುಂತೀದಿ ಅಂತ ನಮಗ ಧೈರ್ಯ.'

'ಅದ ಹೇಳ್ಲತ್ತೀನಿ,' ಎಂದ ಮಾವ ನಾಚಿಕೊಂಡು. 'ಇಂವ ಆದ್ರ ನಡುಗ್ತಿದ್ದಿಲ್ಲ.'

ಅವಳು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿ, ನನ್ನ ಕಡೆ ನೋಡಿ ಮೆಲ್ಲಗೆ ಅಂದಳು: 'ಅಪ್ಪಗ ಹೇಳ್ರಿ, ಇಂವ ಯಾರು ಅಂತ.'

ಮಾವ ಒಪ್ಪಿಯಾಗಿತ್ತು. ಸುಮ್ಮನಿದ್ದರೆ ಅವಳ ಕೊರಳಿಗೆ ತಾಳಿ ಕಟ್ಟಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ಆ ಕಣ್ಣುಗಳ ಎದುರು ಮುಂದೆ ನಲವತ್ತು ವರ್ಷ ಊಟಕ್ಕೆ ಕೂರಬೇಕಲ್ಲ ಎಂದು ಹೊಳೆದದ್ದೇ ನನ್ನ ಕಾಲು ತಾವೇ ಎದ್ದು ನಿಂತವು.

'ಮಾವ, ಅಂವಾ ನೀನೇ,' ಎಂದೆ. 'ನಾ ಅಲ್ಲ. ನಾ ಆವಾಗ ಬಾಳಿ ತೋಟದಾಗ ಅಡಗಿದ್ದೆ. ಅದಕಿಂತ ಮದಲ ಹಗೇವಿನಾಗ ನಿನ್ನ ಸಂಗಟ ಅಳಕೋತ ಕುಂತಿದ್ದೆ. ಬರಿವಾಗ ಅದನ್ನ ಬಿಟ್ಟೆ.'

ಮಾವ ನನ್ನನ್ನು ನೋಡಿದ, ಪುಸ್ತಕವನ್ನು ನೋಡಿದ, ಮತ್ತೆ ನಕ್ಕ.

'ಏ ಹುಚ್ಚಾ, ನನ್ನ ಸಮಾಧಾನಕ್ಕ ಹೇಳಬ್ಯಾಡ. ಅಂವಾ ಎಲ್ಲ್ಯಾರ ಒಂದು ಕಡಿ ಅಂಜ್ಯಾನೇನು? ನಾ ಅಂಜಿದ್ದೆ. ಭಾಳ ಅಂಜಿದ್ದೆ. ಅಂವಾ ನಾ ಹೆಂಗ ಆಗ್ತೀನಿ?'

ಇಷ್ಟು ಹೇಳಿ ಮಗಳ ಕಡೆ ತಿರುಗಿ, 'ಆ ಹಗೇವಿಂದು ಇನ್ನೊಮ್ಮಿ ಓದವ್ವ, ಅಂವಾ ನಾನು' ಅಂದ. ನಾನು ನಿಂತಲ್ಲೇ ಅತ್ತುಬಿಟ್ಟೆ. ಅಳಿಯನಿಗೆ ಸಭೆಯ ಗೌರವ ತಡೆಯಲಾಗಲಿಲ್ಲ ಎಂದು ಮಂದಿ ತಿಳಿದರು. ನಾಚಿಕೆ ಅಂದರೆ ಏನು ಎಂದು ನನಗೆ ಗೊತ್ತಾದದ್ದು ಆ ಸೋಮವಾರ.

ಬಸ್ಸಿಗೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು ಪುಸ್ತಕವನ್ನು ನನ್ನ ಕೈಗೆ ವಾಪಸು ಕೊಟ್ಟಳು.

'ಅಂಜಿಕಿ ಹಾಕಿ ಮತ್ತ ಬರೀರಿ,' ಎಂದಳು. 'ಅಪ್ಪಗ ತಾನು ಅಂತ ಗುರುತು ಸಿಗಬೇಕು. ಲಗ್ನದ ಮಾತು ಆಮ್ಯಾಲ ನೋಡೋಣು.'

ನಮ್ಮ ಲಗ್ನ ಎರಡು ವರ್ಷ ತಡವಾಯಿತು. ಗಡಗಡ ನಡುಗುತ್ತಲೇ ಒಬ್ಬ ಮನುಷ್ಯ ಬಂಡೆ ಬಿಟ್ಟು ಏಳದೆ ಕೂತಿದ್ದನ್ನು ಬರೆಯಲು ನನಗೆ ಅಷ್ಟು ದಿನ ಬೇಕಾದವು.