ಅತ್ತಿಯ ಕುರ್ಚಿ

ನಿನ್ನೆ ಸಂಜೆ ರಾಣೆಬೆನ್ನೂರಿನ ನಮ್ಮ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಬಂದ ಹೆಂಗಸೊಬ್ಬರು ಮೆಣಸಿನಕಾಯಿ ಇದ್ದ ಚೀಲದಿಂದಲೇ ಎಕ್ಸ್‌ರೇ ತೆಗೆದರು. ಘಾಟಿಗೆ ಇಬ್ಬರೂ ಸೀನಿದೆವು. ಅವರು ದಿನದ ಕೊನೆಯ ರೋಗಿ. ನನ್ನ ಕೈಗಳು ಸೋತಿದ್ದವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಬೆನ್ನುದ್ದಕ್ಕೂ ಎರಡು ರಾಡು, ಸಾಲಾಗಿ ಸ್ಕ್ರೂಗಳು... ಬ್ಯಾಡಗಿಯಲ್ಲಿ ನಾನು ಅತ್ತಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಅತ್ತೆ ನೆನಪಾದರು.

ಅತ್ತಿ ಮದುವೆಯಾಗಿ ಬಂದಾಗಿನಿಂದ ಓಣಿಯ ಹೆಂಗಸರ ಜೊತೆ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು. ನಾನು ಫಿಸಿಯೊಥೆರಪಿ ಓದುವ ಹೊತ್ತಿಗೆ ಅವರ ಬೆನ್ನು ಪೂರಾ ಬಾಗಿತ್ತು. ತೊಡೆಗೆ ಕೈಯೂರಿ ನಡೆಯುತ್ತಿದ್ದರು. ತಲೆಯ ಭಾರ ಸೊಂಟದ ನೇರಕ್ಕೆ ಬೀಳದೆ ಮುಂದಕ್ಕೆ ಹೋದರೆ, ಬೆನ್ನಿನ ಸ್ನಾಯುಗಳು ದಿನವಿಡೀ ಅದನ್ನು ಎಳೆದು ಹಿಡಿಯಬೇಕು. ಎರಡು ಮನೆ ದಾಟುವಷ್ಟರಲ್ಲಿ ಅತ್ತಿ ದಣಿಯುತ್ತಿದ್ದುದು ಅದಕ್ಕೇ.

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬೆನ್ನು ನೇರ ಮಾಡಿ, ಸೊಂಟದ ಎಲುಬಿನವರೆಗೆ ರಾಡು ಬಿಗಿದರು. ಬಿಗಿದ ಭಾಗ ಬಗ್ಗುವುದಿಲ್ಲ; ಬಗ್ಗಲು ಹೋದರೆ ಒತ್ತಡವೆಲ್ಲ ರಾಡಿನ ತುದಿಗಿಂತ ಮೇಲಿನ ಮೂಳೆಗೆ ಬೀಳುತ್ತದೆ. ನೆಲದ ಮೇಲೆ ಕುಳಿತು ಕೆಲಸ ಮಾಡಬಾರದೆಂದು ವೈದ್ಯರು ಮೊದಲೇ ಹೇಳಿದ್ದರು, ನಾನೂ ಹೇಳಿದ್ದೆ. ಅತ್ತಿ ಒಪ್ಪಿದ್ದರು. ಮಗ ಅಂಗಳಕ್ಕೆ ಮೇಜು, ಕುರ್ಚಿ ತಂದಿಟ್ಟ. ನೋವು ಹೋಯಿತು. ಬಸ್‌ಸ್ಟ್ಯಾಂಡಿನವರೆಗೂ ಒಬ್ಬರೇ ನಡೆದು ಬರುತ್ತಿದ್ದರು.

"ತಹಶೀಲ್ದಾರ ಆದಿ ಬಿಡವಾ. ನಿನ್ನ ಕೂಡ ಮಾತಾಡಾಕ ನಮ್ಮ ಕುತ್ತಿಗಿ ನೋಯತಾವ" ಎಂದು ಕೆಳಗೆ ಕುಳಿತವರು ಕಾಡಿಸುತ್ತಿದ್ದರು. ಅತ್ತಿಯೂ ನಗುತ್ತಿದ್ದರು. ಆದರೆ ಯಾರದೋ ಸೊಸೆಯ ಸುದ್ದಿ, ಪಿಸುಮಾತು, ಕುರ್ಚಿಯವರೆಗೆ ಏರುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ಅತ್ತಿ ತುಸು ತಡವಾಗಿ ನಗುತ್ತಿದ್ದುದನ್ನು ನಾನು ಗಮನಿಸಿದ್ದೆ...

ಮರುವರ್ಷ ರಜೆಗೆ ಬಂದಾಗ ಕುರ್ಚಿ ಖಾಲಿಯಿತ್ತು. ಅತ್ತಿ ನೆಲದ ಮೇಲೆ, ಗುಂಪಿನ ನಡುವೆ. ಹೆಗಲುಗಳ ನಡುವೆ, ರಾಡು ಮುಗಿಯುವಲ್ಲಿ, ಬೆನ್ನು ಆಗಲೇ ಮುಂದಕ್ಕೆ ಮಡಿಚಿಕೊಂಡಿತ್ತು. ಯಾಕೆ ಕೆಳಗೆ ಕುಂತ್ರಿ ಎಂದು ಕೇಳಿದೆ.

"ಒಬ್ಬಾಕೀನ ಮ್ಯಾಲ ಕುಂತು ಕುಂತು ಸಾಕಾತು, ತಂಗಿ."

ಅತ್ತಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆಂದರು. ಪುನಃ ತೊಡೆಗೆ ಕೈಯೂರಿದರು. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು.

ನಿನ್ನೆ ಬಂದವರೂ ಮೆಣಸಿನಕಾಯಿಯ ತೊಟ್ಟು ಬಿಡಿಸುವವರೇ. ಅವರಿಗೂ ನೆಲದ ಮೇಲೆ ಕುಳಿತು ಕೆಲಸ ಮಾಡಬೇಡಿ ಎಂದೆ. ಆಮೇಲೆ, ತೊಟ್ಟು ಬಿಡಿಸುವಾಗ ಜೊತೆಗಿರುವವರೂ ಮೇಲೆಯೇ ಕೂರಲಿ ಎಂದೆ.

"ಅಷ್ಟ ಮಂದಿಗೆ ಕುರ್ಚಿ ಎಲ್ಲಿಂದ ತರೂದ್ರಿ" ಎನ್ನುತ್ತ ಅವರು ಎಕ್ಸ್‌ರೇಯನ್ನು ಚೀಲಕ್ಕೆ ಸೇರಿಸಿದರು.

ಬ್ಯಾಡಗಿಯ ಆ ಅಂಗಳದಲ್ಲಿ ಈಗಲೂ ಹೆಂಗಸರು ನೆಲದ ಮೇಲೆಯೇ ಕುಳಿತು ತೊಟ್ಟು ಬಿಡಿಸುತ್ತಾರೆ. ಅತ್ತಿ ಕೂರುತ್ತಿದ್ದ ಜಾಗಕ್ಕೆ ಎಲ್ಲರೂ ಒಂದಿಷ್ಟು ಸರಿದು ಕುಳಿತಿದ್ದಾರೆ...